ಜಾಲರಿ ತಿಕ್ಕಿದವರು ಯಾರು?

ಅಮೆರಿಕದಲ್ಲಿ ಬೇಸಗೆ ಬಂತೆಂದರೆ ಮನೆಯ ಹಿತ್ತಿಲಿನಲ್ಲಿ ಒಲೆ ಹೂಡುವ ಪದ್ಧತಿಯುಂಟು. ಕಾಲುಗಳ ಮೇಲೆ ನಿಂತ ಒಂದು ಲೋಹದ ಬೋಗುಣಿ. ಅದರ ತಳದಲ್ಲಿ ಇದ್ದಿಲ ಕೆಂಡ. ಕೆಂಡದ ಮೇಲೆ ಗೇಣೆತ್ತರದಲ್ಲಿ ಕಂಬಿಗಳ ಜಾಲರಿ. ಜಾಲರಿಯ ಮೇಲೆ ಮಾಂಸ, ಮೀನು, ಮುಸುಕಿನ ಜೋಳದ ತೆನೆ. ಇದಕ್ಕೆ ಅವರು ಬಾರ್ಬೆಕ್ಯೂ ಎನ್ನುತ್ತಾರೆ. ಈ ಊಟದ ಸೊಗಸನ್ನು ಹೊಗಳಿ ಬರೆದ ಪುಸ್ತಕಗಳಿಗೆ ಲೆಕ್ಕವಿಲ್ಲ. ಆದರೆ ಊಟ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲೆ ಜಿಡ್ಡು ಹೆಪ್ಪುಗಟ್ಟಿದ ಆ ಜಾಲರಿಯ ಎದುರು ಯಾರಾದರೊಬ್ಬರು ನಿಲ್ಲಲೇಬೇಕಲ್ಲ, ಅವರ ಸುದ್ದಿ ಅಪರೂಪ. ಸಸ್ಯಾಹಾರಿಗಳಾದ ಓದುಗರು ಇದು ತಮಗೆ ಸಂಬಂಧಿಸದ ವಿಷಯವೆಂದು ಪುಟ ಮಗುಚಬೇಕಾಗಿಲ್ಲ. ಕಾವಲಿ ತಿಕ್ಕಿದ ಕೈಗೆ ಇದು ತಿಳಿದ ಸಂಗತಿಯೇ.

ಬಾರ್ಬೆಕ್ಯೂ ಎಂಬ ಮಾತು ಹುಟ್ಟು ಇಂಗ್ಲಿಷಿನದಲ್ಲ. ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳಾದ ತಾಯಿನೊ ಜನರ ನುಡಿಯಿಂದ 'ಬರ್ಬಕೋವ' ಎಂದು ಸ್ಪೇನಿನವರ ಬಾಯಿಗೆ ಬಂದು, ಅಲ್ಲಿಂದ ಇಂಗ್ಲಿಷಿಗೆ ಇಳಿಯಿತು. ಸ್ಪೇನಿನ ಚರಿತ್ರಕಾರ ಒವಿಯೆದೊ ೧೫೨೬ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಈ ಮಾತನ್ನು ಬಳಸಿದ್ದಾನೆ. ಮೊದಲಿಗೆ ಅದು ಅಡಿಗೆಯ ಹೆಸರಾಗಿರಲಿಲ್ಲ. ಕಂಬಗಳ ಮೇಲೆ ಕೋಲುಗಳನ್ನು ಹಾಸಿ ಕಟ್ಟಿದ ಅಟ್ಟಣೆಯ ಹೆಸರು. ಅದರ ಮೇಲೆ ಕಾಳು ಇಡುತ್ತಿದ್ದರು, ಮಲಗುತ್ತಿದ್ದರು. ಕೆಳಗೆ ಬೆಂಕಿ ಹಾಕಿದರೆ ಅದೇ ಒಲೆ. ೧೫೮೫ರಲ್ಲಿ ಉತ್ತರ ಅಮೆರಿಕದ ಪೂರ್ವ ಕರಾವಳಿಗೆ ಹೋದ ಆಂಗ್ಲ ಚಿತ್ರಕಾರ ಜಾನ್ ವೈಟ್ ಅಲ್ಲಿನ ಜನ ಇಂಥದೇ ಕೋಲಿನ ಚೌಕಟ್ಟಿನ ಮೇಲೆ ಮೀನು ಸುಡುವುದನ್ನು ಕಂಡು ಬರೆದ ಚಿತ್ರ ಉಳಿದುಬಂದಿದೆ. ಐದು ವರ್ಷಗಳ ತರುವಾಯ ಥಿಯೊಡೋರ್ ಡಿ ಬ್ರೈ ಅದನ್ನು ತಾಮ್ರದ ತಗಡಿನಲ್ಲಿ ಕೆತ್ತಿ ಅಚ್ಚು ಹಾಕಿಸಿದ ಮೇಲೆ ಯೂರೋಪಿನವರೆಲ್ಲ ಅದನ್ನು ನೋಡಿದರು.

ಆ ಚಿತ್ರವನ್ನು ನೋಡಿದಾಗ ನನಗೆ ಹೊಳೆಯುವುದು ಒಂದೇ: ಇಂಥ ಜಾಲರಿಗೆ ತೊಳೆಯುವ ಬಾಧೆಯೇ ಇಲ್ಲ. ಕೋಲು ಕರಿದಾಗಿ ಜಿಡ್ಡು ಹಿಡಿದರೆ ಬೆಂಕಿಗೇ ತಳ್ಳಿ ಬೇರೊಂದನ್ನು ಕಡಿದು ತಂದರಾಯಿತು. ನಮ್ಮ ಬಾಳೆಯೆಲೆಯ ಊಟದ ಹಾಗೆ, ಎಲೆ ಎತ್ತಿದರೆ ಕೆಲಸ ಮುಗಿಯಿತು.

ತೊಳೆಯುವ ಕಷ್ಟ ಹುಟ್ಟಿದ್ದು ಕಬ್ಬಿಣದಿಂದ. ಯೂರೋಪಿನಲ್ಲಿ ರೋಮನರ ಕಾಲದಿಂದಲೂ ಕಬ್ಬಿಣದ ಜಾಲರಿ ಇತ್ತು. ಕ್ರಿ. ಶ. ೨೫೮ರಲ್ಲಿ ಪ್ರಾಣತೆತ್ತ ಸಂತ ಲಾರೆನ್ಸನನ್ನು ಅಂಥ ಜಾಲರಿಯ ಮೇಲೆ ಸುಟ್ಟರೆಂದು ಕ್ರೈಸ್ತರ ಪರಂಪರೆ ಹೇಳುತ್ತದೆ. ಸ್ಪೇನಿನ ಎರಡನೆಯ ಫಿಲಿಪ್ ಆ ಸಂತನ ಹೆಸರಿನಲ್ಲಿ ಕಟ್ಟಿಸಿದ ಎಸ್ಕೋರಿಯಲ್ ಅರಮನೆಯ ವಿನ್ಯಾಸವೇ ಜಾಲರಿಯಂತಿದೆ ಎನ್ನುವವರಿದ್ದಾರೆ. ಅದು ಹಾಗಿರಲಿ. ಕಬ್ಬಿಣವನ್ನು ಕೋಲಿನಂತೆ ಬೆಂಕಿಗೆ ಎಸೆಯುವಂತಿಲ್ಲ. ಮಾಂಸದ ರಸ ಕಾದ ಕಂಬಿಗೆ ಅಂಟಿ ಕರಕಾಗುತ್ತದೆ, ಕೊಬ್ಬು ಅದರ ಮೇಲೆ ಅರಗಿನಂತೆ ಕೂರುತ್ತದೆ. ಹಾಗೆಯೇ ಬಿಟ್ಟರೆ ನಾಳಿನ ಅಡಿಗೆಗೆ ನಿನ್ನೆಯ ಕಮಟು, ತೊಳೆದು ಒದ್ದೆಯಾಗಿ ಬಿಟ್ಟರೆ ತುಕ್ಕು.

ಆದ್ದರಿಂದಲೇ ಇಂಗ್ಲೆಂಡಿನ ಹಳೆಯ ಪಾಕಶಾಸ್ತ್ರಗಳು ಜಾಲರಿಯ ಶುಚಿಯ ಮಾತನ್ನು ಬಿಡದೆ ಹೇಳುತ್ತವೆ. ೧೭೪೭ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಹ್ಯಾನಾ ಗ್ಲಾಸ್ ಮಾಂಸದ ತುಂಡು ಸುಡುವ ಕ್ರಮವನ್ನು ಹೇಳುವಾಗ, ನಿಗಿನಿಗಿ ಬೆಂಕಿಯ ಜೊತೆಗೇ ಚೊಕ್ಕಟವಾದ ಜಾಲರಿಯನ್ನೂ ಕೇಳುತ್ತಾಳೆ. ೧೮೧೭ರಲ್ಲಿ ಲಂಡನ್ನಿನ ವಿಲಿಯಂ ಕಿಚಿನರ್ (ಹೆಸರೇ ಅಡಿಗೆಮನೆಯವನೆಂಬಂತಿದೆ!) ಇನ್ನೂ ವಿವರವಾಗಿ ಬರೆದ. ಕಂಬಿಗಳ ನಡುವಣ ಸಂದು ಶುಚಿಯಾಗಿರಬೇಕು, ಮೇಲ್ಮೈ ಹೊಳೆಯಬೇಕು. ಜಾಲರಿ ಬಿಸಿಯಾದಾಗ ನಾರುಬಟ್ಟೆಯಿಂದ ಚೆನ್ನಾಗಿ ಒರಸಬೇಕು. ಬಳಸುವ ಮುನ್ನ ಕುರಿಯ ಕೊಬ್ಬನ್ನು ಕಂಬಿಗಳಿಗೆ ಸವರಬೇಕು. ಇನ್ನೂರು ವರ್ಷ ಕಳೆದರೂ ಈ ವಿಧಿಗೆ ಯಾರೂ ಹೆಚ್ಚಿನದೇನನ್ನೂ ಸೇರಿಸಿಲ್ಲ. ಬಿಸಿಯಲ್ಲಿ ಕರಕು ಸಡಿಲವಾಗುತ್ತದೆ, ತಣ್ಣಗಾದರೆ ಕಲ್ಲಾಗುತ್ತದೆ. ತೆಳುವಾಗಿ ಸವರಿದ ಕೊಬ್ಬು ಕಾವಿಗೆ ಗಟ್ಟಿಯಾಗಿ ಕಬ್ಬಿಣಕ್ಕೊಂದು ಕಪ್ಪು ಹೊದಿಕೆಯಾಗಿ, ತುಕ್ಕನ್ನೂ ಅಂಟನ್ನೂ ತಡೆಯುತ್ತದೆ. ನಮ್ಮ ಮನೆಗಳಲ್ಲಿ ಹೊಸ ಕಾವಲಿಯನ್ನು ಎಣ್ಣೆ ಹಾಕಿ ಪಳಗಿಸುವುದೂ ಇದನ್ನೇ. ಕಿಚಿನರ್ ಹೇಳದೆ ಬಿಟ್ಟದ್ದು, ಒರಸುವ ಕೈ ಯಾರದೆಂಬುದು. ಅನುಕೂಲಸ್ಥ ಆಂಗ್ಲರ ಮನೆಗಳಲ್ಲಿ ಅದಕ್ಕೆಂದೇ ಮುಸುರೆ ತಿಕ್ಕುವ ಹುಡುಗಿಯಿದ್ದಳು. ಸೇವಕರ ಸಾಲಿನಲ್ಲಿ ಎಲ್ಲರಿಗಿಂತ ಕೆಳಗೆ ಅವಳ ಸ್ಥಾನ.

ಅತ್ತ ಅಮೆರಿಕದ ದಕ್ಷಿಣ ಸೀಮೆಯಲ್ಲಿ ಬಾರ್ಬೆಕ್ಯೂ ಬೇರೊಂದು ದಾರಿ ಹಿಡಿದಿತ್ತು. ನೆಲದಲ್ಲಿ ಉದ್ದನೆಯ ಗುಂಡಿ ತೋಡಿ, ಗಟ್ಟಿ ಮರವನ್ನು ಕೆಂಡವಾಗಿಸಿ, ಅಡ್ಡಗಳುಗಳ ಮೇಲೆ ಇಡೀ ಹಂದಿಗಳನ್ನು ರಾತ್ರಿಯಿಡೀ ಬೇಯಿಸುವ ಊರೂಟವದು. ಜಾರ್ಜ್ ವಾಷಿಂಗ್ಟನ್ ೧೭೬೯ರ ಮೇ ತಿಂಗಳಲ್ಲಿ ಅಲೆಕ್ಸಾಂಡ್ರಿಯದ ಒಂದು ಬಾರ್ಬೆಕ್ಯೂಗೆ ಹೋಗಿ ರಾತ್ರಿ ಅಲ್ಲೇ ಉಳಿದದ್ದನ್ನು ದಿನಚರಿಯಲ್ಲಿ ಗುರುತು ಹಾಕಿಕೊಂಡಿದ್ದಾನೆ. ಇಂಥ ಊಟಗಳಲ್ಲಿ ಗುಂಡಿ ತೋಡಿ ಬೆಂಕಿ ಕಾದವರು ಬಹುಪಾಲು ಗುಲಾಮರು. ೧೯೩೭ರಲ್ಲಿ ಸರ್ಕಾರದ ವತಿಯಿಂದ ಹಿಂದಿನ ಗುಲಾಮರ ನೆನಪುಗಳನ್ನು ಬರೆದುಕೊಂಡಾಗ, ದಕ್ಷಿಣ ಕ್ಯಾರೊಲಿನದ ವೆಸ್ಲಿ ಜೋನ್ಸ್ ಎಂಬ ತೊಂಬತ್ತು ದಾಟಿದ ವೃದ್ಧ ತನ್ನ ಕೆಲಸವನ್ನು ವಿವರಿಸಿದ. ಉದ್ದ ಕೋಲಿನ ತುದಿಗೆ ಬಟ್ಟೆ ಸುತ್ತಿ, ವಿನಿಗರ್, ಮೆಣಸು, ಬೆಣ್ಣೆ, ಕೊತ್ತಂಬರಿ, ಈರುಳ್ಳಿ, ಬೆಳ್ಳುಳ್ಳಿಗಳ ರಸದಲ್ಲಿ ಅದ್ದಿ ಅದ್ದಿ, ರಸ ಬೆಂಕಿಗೆ ತೊಟ್ಟಿಕ್ಕುವ ತನಕ ರಾತ್ರಿಯೆಲ್ಲ ಮಾಂಸಕ್ಕೆ ಬಳಿಯುತ್ತಿದ್ದನಂತೆ. ಬೆಳಗಾದರೆ ದೊರೆಗಳ ಊಟ. ಗುಂಡಿಗೆ ಮಣ್ಣು ಮುಚ್ಚಿದರೆ ಜಿಡ್ಡು ಬೂದಿಗಳೆಲ್ಲ ನೆಲದ ಪಾಲು. ನೆಲ ಮತ್ತೆ ಸಮವಾದಾಗ, ಅಲ್ಲಿ ನಿದ್ದೆಗೆಟ್ಟು ನಿಂತಿದ್ದವನ ಗುರುತೂ ಉಳಿಯುತ್ತಿರಲಿಲ್ಲ. ೧೮೬೫ರಲ್ಲಿ ಗುಲಾಮಗಿರಿ ರದ್ದಾಯಿತು. ಆ ಪಾಕವಿದ್ಯೆಯ ಕೀರ್ತಿ ಅದನ್ನು ಕಾಪಾಡಿದವರಿಗೆ ಸಲ್ಲಲು ಇನ್ನೂ ಬಹುಕಾಲ ಹಿಡಿಯಿತು.

ಗುಂಡಿಯ ಬಾರ್ಬೆಕ್ಯೂ ಹಿತ್ತಿಲಿಗೆ ಬರಲು ಇದ್ದಿಲು ಅಗ್ಗವಾಗಬೇಕಾಗಿತ್ತು. ಇದ್ದಿಲ ಪುಡಿಯನ್ನು ಬಿಲ್ಲೆಯಾಗಿ ಒತ್ತುವ ಹಕ್ಕುಪತ್ರವನ್ನು ಪೆನ್ಸಿಲ್ವೇನಿಯದ ಎಲ್ಸ್‌ವರ್ತ್ ಜ್ವೊಯರ್ ೧೮೯೭ರಲ್ಲೇ ಪಡೆದಿದ್ದ. ಅದನ್ನು ಮನೆಮನೆಗೆ ಮುಟ್ಟಿಸಿದವನು ಹೆನ್ರಿ ಫೋರ್ಡ್. ಮೋಟಾರು ಕಾರಿಗಾಗಿ ಮಿಚಿಗನ್ನಿನಲ್ಲಿ ಕೊಯ್ದ ಮರದ ಚೂರುಪಾರುಗಳು ಹಾಳಾಗುವುದನ್ನು ಸಹಿಸಲಾರದೆ, ೧೯೨೦ರ ದಶಕದಲ್ಲಿ ಅವನ್ನು ಇದ್ದಿಲಾಗಿಸಿ ಪಿಷ್ಟ ಬೆರಸಿ ಬಿಲ್ಲೆ ಮಾಡಿಸಿ, ತನ್ನ ಕಾರಿನ ಅಂಗಡಿಗಳಲ್ಲೇ ಮಾರಿಸಿದ. ಬಿಲ್ಲೆ ಒಂದೇ ಸಮನೆ ಉರಿಯುತ್ತದೆ, ನಿಜ. ಬಿಡುವ ಬೂದಿಯೂ ಹೆಚ್ಚು.

ಬೂದಿಯ ವಿಚಾರದಲ್ಲಿ ನಮಗೂ ಅವರಿಗೂ ಇರುವ ಅಂತರ ತಮಾಷೆಯಾದದ್ದು. ನಮ್ಮ ಹಿಂದಿನವರಿಗೆ ಒಲೆಯ ಬೂದಿಯೇ ಸಾಬೂನು. ತೆಂಗಿನ ನಾರಿಗೆ ಬೂದಿ ಮೆತ್ತಿ ಉಜ್ಜಿದರೆ ಎಂಥ ಜಿಡ್ಡೂ ಬಿಡುತ್ತಿತ್ತು. ಸೌದೆಯ ಬೂದಿಯಲ್ಲಿರುವ ಕ್ಷಾರ ಕೊಬ್ಬಿನೊಡನೆ ಕೂಡಿ ನಿಜವಾಗಿಯೂ ಸಾಬೂನೇ ಆಗುತ್ತದೆ. ಹಿತ್ತಿಲ ಗ್ರಿಲ್ಲಿನಲ್ಲಾದರೋ ಬೂದಿ ಶತ್ರು. ಗಾಳಿಯ ಕಂಡಿಗಳನ್ನು ಮುಚ್ಚಿ ಕೆಂಡವನ್ನು ಕಂಗೆಡಿಸುತ್ತದೆ. ಮಂಜೋ ಮಳೆಯೋ ಬಿದ್ದರೆ ಕೆಸರಾಗಿ ತಳಕ್ಕೆ ಅಂಟಿ, ಲವಣಗಳಿಂದ ತೇವ ಹಿಡಿದು, ಲೋಹವನ್ನು ತಿನ್ನುತ್ತದೆ. ಅವಸರಪಟ್ಟು ಬಾಚಿ ಕಾಗದದ ಚೀಲಕ್ಕೆ ಸುರಿದರೆ ಒಳಗೆ ಅಡಗಿದ ಕಿಡಿ ಮಾರನೆಯ ದಿನವೂ ಮನೆಗೆ ಬೆಂಕಿ ಹಚ್ಚೀತು.

ಷಿಕಾಗೋದ ಜಾರ್ಜ್ ಸ್ಟೀಫನ್ ೧೯೫೨ರಲ್ಲಿ ಎದುರಿಸಿದ್ದು ಇದೇ ತೊಂದರೆಯನ್ನು. ಆಗಿನ ಗ್ರಿಲ್ಲುಗಳು ಮುಚ್ಚಳವಿಲ್ಲದ ತಟ್ಟೆಗಳು. ಗಾಳಿ ಬೀಸಿದರೆ ಬೂದಿ ಊಟದ ಮೇಲೆ, ಮಳೆ ಬಂದರೆ ಊಟ ಬೂದಿಯೊಳಗೆ. ಆತ ಕೆಲಸ ಮಾಡುತ್ತಿದ್ದ ವೆಬರ್ ಸೋದರರ ಲೋಹದ ಕಾರ್ಖಾನೆಯಲ್ಲಿ, ನೀರಿನ ಮೇಲೆ ದಾರಿ ತೋರಿಸಲು ತೇಲಿಬಿಡುವ ಬುರುಡೆಗಳನ್ನು ಮಾಡುತ್ತಿದ್ದರು. ಅಂಥ ಒಂದರ ಅರೆಗೋಳಗಳನ್ನು ತೆಗೆದುಕೊಂಡು, ಕೆಳಗಿನದಕ್ಕೆ ಮೂರು ಕಾಲು, ಮೇಲಿನದಕ್ಕೊಂದು ಹಿಡಿ, ಗಾಳಿಗೆ ಕಂಡಿ ಇಟ್ಟ. ಒಳಗೂ ಹೊರಗೂ ಪಿಂಗಾಣಿಯ ಲೇಪ ಬಂದ ಮೇಲೆ ತುಕ್ಕಿನ ಭಯ ಕಡಮೆಯಾಯಿತು. ಮುಂದೆ ತಳದಲ್ಲಿ ಮೂರು ರೆಕ್ಕೆಗಳನ್ನು ಸೇರಿಸಿದರು. ಹಿಡಿ ತಿರುಗಿಸಿದರೆ ಬೂದಿ ಕೆಳಗಿನ ತಟ್ಟೆಗೆ ಬೀಳುತ್ತದೆ. ಮುಚ್ಚಳದ ಒಳಮೈಯಿಂದ ಹಕ್ಕಳೆ ಏಳುವುದನ್ನು ಕಂಡು ಬಣ್ಣ ಕಿತ್ತಿತೆಂದು ಗಾಬರಿಪಡುವವರುಂಟು. ಅದು ಬಣ್ಣವಲ್ಲ, ಹೊಗೆ ಮತ್ತು ಜಿಡ್ಡು ಪದರಗಟ್ಟಿದ್ದು, ಒರಸಿದರೆ ಹೋಗುತ್ತದೆ.

ಆ ದಶಕದ ಜಾಹೀರಾತುಗಳಲ್ಲಿ ಗ್ರಿಲ್ಲಿನ ಮುಂದೆ ಸೊಂಟಕ್ಕೆ ಬಟ್ಟೆ ಕಟ್ಟಿ ನಗುತ್ತ ನಿಂತವನು ಯಾವಾಗಲೂ ಗಂಡಸು. ಒಳಗಿನ ಒಲೆ ಹೆಂಗಸಿಗೆ, ಹೊರಗಿನದು ಗಂಡಸಿಗೆ ಎಂಬ ಹಂಚಿಕೆ. ಆದರೆ ಕೋಸಂಬರಿಯಂಥದನ್ನು ಹೆಚ್ಚುವುದೂ, ಮಾಂಸಕ್ಕೆ ಮಸಾಲೆ ಹಾಕಿಡುವುದೂ, ಕೊನೆಗೆ ತಟ್ಟೆಗಳನ್ನು ತೊಳೆಯುವುದೂ ಒಳಗೇ ಉಳಿದವು. ಚಿತ್ರದಲ್ಲಿ ಯಜಮಾನನ ಕೈಯಲ್ಲಿ ಇಕ್ಕಳ ಕಾಣುತ್ತದೆ. ಬ್ರಷ್ ಕಾಣುವುದು ಅಪರೂಪ.

ಬ್ರಷ್ಷಿಗೂ ಒಂದು ಕತೆಯಿದೆ. ಉಕ್ಕಿನ ಎಳೆಗಳ ಬ್ರಷ್ ಬಹುಕಾಲ ಈ ಕೆಲಸದ ಮುಖ್ಯ ಸಾಧನವಾಗಿತ್ತು. ಹಳತಾದ ಬ್ರಷ್ಷಿನಿಂದ ಕಳಚಿದ ಎಳೆ ಕಂಬಿಗೆ ಅಂಟಿಕೊಂಡು, ಮಾಂಸದೊಡನೆ ಬಾಯಿಗೆ ಹೋಗಿ, ಗಂಟಲಿಗೋ ಕರುಳಿಗೋ ಚುಚ್ಚಿಕೊಳ್ಳುತ್ತದೆ. ರೋಡ್ ಐಲೆಂಡಿನ ಒಂದೇ ಆಸ್ಪತ್ರೆಗೆ ೨೦೧೧ರ ಮಾರ್ಚಿಯಿಂದ ೨೦೧೨ರ ಜೂನಿನವರೆಗೆ ಇಂಥ ಆರು ಮಂದಿ ಬಂದರೆಂದು ಅಮೆರಿಕದ ರೋಗನಿಯಂತ್ರಣ ಕೇಂದ್ರ ವರದಿ ಮಾಡಿತು. ೨೦೦೨ರಿಂದ ೨೦೧೪ರವರೆಗೆ ದೇಶದಲ್ಲೆಲ್ಲ ಸುಮಾರು ೧,೭೦೦ ಮಂದಿ ಇದಕ್ಕಾಗಿ ತುರ್ತು ಚಿಕಿತ್ಸೆಗೆ ಬಂದಿರಬಹುದೆಂದು ೨೦೧೬ರ ಒಂದು ಅಧ್ಯಯನ ಅಂದಾಜು ಮಾಡಿದೆ. ಹೊಳೆಯುವ ಸಣ್ಣ ಎಳೆ, ಕೂದಲಿನಷ್ಟು ತೆಳು. ಊಟದ ನಡುವೆ ಯಾರ ಕಣ್ಣಿಗೂ ಬೀಳದು.

ಹೀಗಾಗಿ ಬಹಳ ಜನ ಉಕ್ಕಿನ ಬ್ರಷ್ಷನ್ನು ಬಿಟ್ಟು, ಮರದ ಹಲಗೆಯಿಂದ ಕೆರೆಯುತ್ತಾರೆ. ಕಂಬಿಗಳ ಮೇಲೆ ತಿಕ್ಕಿದಷ್ಟೂ ಹಲಗೆಯ ಅಂಚಿನಲ್ಲಿ ಕಂಬಿಗಳದೇ ಅಳತೆಯ ಗೀರು ಬಿದ್ದು, ಅದು ಆ ಜಾಲರಿಗೇ ಒಗ್ಗಿಬಿಡುತ್ತದೆ. ಕೆಲವರು ಅಲ್ಯುಮಿನಿಯಂ ಹಾಳೆಯನ್ನು ಉಂಡೆ ಮಾಡಿ ಇಕ್ಕಳದಲ್ಲಿ ಹಿಡಿದು ಉಜ್ಜುತ್ತಾರೆ. ಇನ್ನು ಕೆಲವರು ಈರುಳ್ಳಿಯನ್ನು ಎರಡು ಹೋಳು ಮಾಡಿ, ಒಂದನ್ನು ಮುಳ್ಳುಚಮಚಕ್ಕೆ ಚುಚ್ಚಿ, ಕಾದ ಕಂಬಿಗಳ ಮೇಲೆ ಚುರ್ರೆನ್ನುವಂತೆ ಎಳೆದು, ಮೇಲೆ ಒಂದಿಷ್ಟು ಎಣ್ಣೆ ಸವರುತ್ತಾರೆ. ಇದನ್ನು ಹೊಸ ಉಪಾಯವೆಂದು ಅಲ್ಲಿ ಒಬ್ಬರಿಗೊಬ್ಬರು ಹೇಳಿಕೊಡುವುದನ್ನು ಕೇಳಿದರೆ, ಮೊದಲ ದೋಸೆ ಹುಯ್ಯುವ ಮುನ್ನ ಇದನ್ನೇ ಮಾಡುವ ನಮ್ಮ ಮನೆಯವರು ನಕ್ಕಾರು.