ವಿಳಾಸ

ಲಕೋಟೆಯ ಮೇಲೆ ಬರೆಯುವುದಕ್ಕೆ ವಯನಾಡಿನ ಮಲಯಾಳಿಗಳು ‘ಮೇಲ್‌ವಿಲಾಸಂ’ ಎನ್ನುತ್ತಾರೆ, ನಮ್ಮದು ‘ವಿಳಾಸ’. ಎರಡರ ಮೂಲವೂ ಸಂಸ್ಕೃತದ ‘ವಿಲಾಸ’: ಆಟ, ಬೆಡಗು. ಕನ್ನಡ ಲಕಾರವನ್ನು ಶೋಕಿಗೂ ಳಕಾರವನ್ನು ಅಂಚೆಗೂ ಹಂಚಿಬಿಟ್ಟಿತು.

ವಯನಾಡಿನ ಸುಲ್ತಾನ್ ಬತ್ತೇರಿಯ ವಿಳಾಸವಂತೂ ನಿಜಕ್ಕೂ ಆಟವಾಡಿದೆ. ಜೈನರ ಕಾಲದಲ್ಲಿ ‘ಹನ್ನೆರಡು ಬೀದಿ’ (ಅಚ್ಚಗನ್ನಡ!), ಆಮೇಲೆ ಗಣಪತಿವಟ್ಟಂ, ಟಿಪ್ಪುವಿನ ಸೈನ್ಯ ಮದ್ದುಗುಂಡು ಇಟ್ಟ ಮೇಲೆ ಇಂಗ್ಲಿಷರ ಬಾಯಲ್ಲಿ ‘ಸುಲ್ತಾನ್ಸ್ ಬ್ಯಾಟರಿ’. ಊರು ಮಾತ್ರ ಅಲ್ಲೇ ಇದೆ.

ಗಣಕಜಾಲದ ‘ಐಪಿ ವಿಳಾಸ’ಕ್ಕೂ ಇದೇ ಚಾಳಿ. ನಿಜವಾದ ಜಾಲದ ಮೇಲೆ ಇನ್ನೊಂದನ್ನು ಹೊದಿಸುವ ವಿಎಕ್ಸ್‌ಲ್ಯಾನ್ (ಆರ್‌ಎಫ್‌ಸಿ 7348, 2014) ಥರದ ಮೇಲ್ಪದರ ಜಾಲದಲ್ಲಿ ವರ್ಚುವಲ್ ಯಂತ್ರವನ್ನು ಅಳಿಸಿ ಮತ್ತೆ ಹುಟ್ಟಿಸಿದರೆ ಅದರ ಗುರುತಾದ ಮ್ಯಾಕ್ ವಿಳಾಸ ಬದಲಾಗಬಹುದು. ಆಗ ಐಪಿ ಹಂಚುವ ಡಿಎಚ್‌ಸಿಪಿ ಸರ್ವರ್ ಅದನ್ನು ಹೊಸ ಬಾಡಿಗೆದಾರನೆಂದು ತಿಳಿದು ಬೇರೆ ಐಪಿ ಕೊಡುತ್ತದೆ. ಜಾಲತಂತ್ರಜ್ಞರ ಪರಿಭಾಷೆಯಲ್ಲೂ ಅದು ‘ಲೀಸ್’ ತಾನೆ! ಹಳೆಯ ವಿಳಾಸ ಹಿಡಿದು ಬಂದವರಿಗೆ ಬಾಗಿಲು ಸಿಗದು. ಆಗ ಮೊದಲು ಲೀಸ್ ಪಟ್ಟಿ ತೆರೆದು ಮ್ಯಾಕ್ ಬದಲಾಗಿದೆಯೇ, ಒಂದೇ ಐಪಿ ಇಬ್ಬರ ಪಾಲಾಗಿದೆಯೇ ನೋಡಿ. ಮ್ಯಾಕ್ ಸ್ಥಿರಮಾಡಿ ಐಪಿ ಕಾದಿರಿಸಿ. ಅಂಕಿಗಿಂತ ಡಿಎನ್‌ಎಸ್ ಹೆಸರಿನಿಂದಲೇ ಕರೆಯಿರಿ.