ದುರಸ್ತಿಗೆ ಬಿಟ್ಟ ಭೂಮಿ

ದೋರನಹಳ್ಳಿ, ಶಹಾಪುರ, ಶಿರವಾಳ, ಸುರಪುರದ ಸೀಮೆಯಲ್ಲಿ ಶಾಸನ ಓದಲು ಕೂತವರಿಗೆ ಬೇಗನೆ ಬಾಯಿಪಾಠವಾಗುವ ಮಾತೊಂದಿದೆ: ‘ಖಂಡಸ್ಫುಟಿತ ಜೀರ್ಣೋದ್ಧಾರ’. ಒಡೆದದ್ದನ್ನು, ಬಿರಿದದ್ದನ್ನು, ಹಳತಾದದ್ದನ್ನು ಸರಿಪಡಿಸುವುದು ಎಂದರ್ಥ. ಕಲ್ಯಾಣ ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ದೇವರ ನೈವೇದ್ಯ, ನಂದಾದೀವಿಗೆ, ವಿದ್ಯಾದಾನಗಳ ಜೊತೆಗೇ ಈ ಮಾತೂ ಬರುತ್ತದೆ. ಗುಡಿ ಕಟ್ಟಿಸಿದ ದಿನವೇ ಅದು ಮುಂದೊಂದು ದಿನ ಬಿರುಕು ಬಿಡುತ್ತದೆಂದು ಒಪ್ಪಿಕೊಂಡು, ಆ ಖರ್ಚಿಗೂ ಭೂಮಿ ಬಿಟ್ಟು ಕಲ್ಲಿನಲ್ಲಿ ಬರೆಸುತ್ತಿದ್ದರು. ಕೆರೆಗೆ ಬಿತ್ತುವಟ್ಟ ಇರುತ್ತಿತ್ತು. ಕೆಲವು ಕಡೆ ಹೂಳು ಸಾಗಿಸುವ ಬಂಡಿಯ ಖರ್ಚಿಗೂ ಪ್ರತ್ಯೇಕ ದತ್ತಿಯಿತ್ತು.

ಈ ಮಾತಿನಿಂದ ಶುರು ಮಾಡಲು ಕಾರಣ ಕಾರ್ಖಾನೆಗಳು. ನಮ್ಮ ಕೈಗಾರಿಕಾ ಚರಿತ್ರೆಯ ಪುಸ್ತಕಗಳಲ್ಲಿ ಶಂಕುಸ್ಥಾಪನೆಯ ದಿನಾಂಕ ಸಿಗುತ್ತದೆ, ಉದ್ಘಾಟಿಸಿದವರ ಹೆಸರು ಸಿಗುತ್ತದೆ. ಆಮೇಲೆ ಆ ಯಂತ್ರವನ್ನು ಯಾರು, ಹೇಗೆ ನಡೆಸಿದರು, ಕೆಟ್ಟಾಗ ಏನು ಮಾಡಿದರು ಎಂಬುದು ಮಾತ್ರ ಸಿಗುವುದು ಕಡಿಮೆ.

ಕನ್ನಡ ನಾಡಿನಲ್ಲಿ ಕೈಗಾರಿಕೆಯ ಬಗ್ಗೆ ಸಭೆ ಸೇರಿ ಮಾತಾಡುವ ಪದ್ಧತಿಗೆ ದೊಡ್ಡ ಆರಂಭ 1911ರ ಮೈಸೂರು ಆರ್ಥಿಕ ಸಮ್ಮೇಳನ. ಆಗ ಮುಖ್ಯ ಎಂಜಿನಿಯರ್ ಆಗಿದ್ದ ವಿಶ್ವೇಶ್ವರಯ್ಯನವರ ಉತ್ಸಾಹ ಅದರ ಹಿಂದಿತ್ತು. ಕೃಷಿ, ಶಿಕ್ಷಣ, ಕೈಗಾರಿಕೆ ಮತ್ತು ವಾಣಿಜ್ಯ ಎಂದು ಮೂರು ಸಮಿತಿಗಳು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಸಮ್ಮೇಳನ ಬೇರೆ ಕಾರಣಕ್ಕೆ ಗೊತ್ತಿರಬೇಕು: ಕನ್ನಡಕ್ಕೊಂದು ಸಂಸ್ಥೆ ಬೇಕೆಂಬ ಚರ್ಚೆ ಇಲ್ಲಿಯೇ ಗಟ್ಟಿಯಾಗಿ, 1915ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿತು. ಎಚ್.ವಿ. ನಂಜುಂಡಯ್ಯನವರು ಮೊದಲ ಅಧ್ಯಕ್ಷರು. ಅಂದರೆ ನಮ್ಮ ಸಾಹಿತ್ಯ ಸಮ್ಮೇಳನಗಳ ತವರುಮನೆ ಒಂದು ಆರ್ಥಿಕ ಸಮ್ಮೇಳನ!

ದೋರನಹಳ್ಳಿ ಆಗ ನಿಜಾಮರ ರಾಜ್ಯದಲ್ಲಿತ್ತು. ಮೈಸೂರಿನ ಆರ್ಥಿಕ ಸಮ್ಮೇಳನ ಈ ಕಡೆ ಬರಲಿಲ್ಲ, ಅದರ ಮಗಳು ಬಂದಳು. 1928ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕಲಬುರಗಿಯಲ್ಲಿ, 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ಸಾಹಿತ್ಯ ಸಮ್ಮೇಳನಗಳು ನಡೆದವು. ಕವಿತೆಯ ಮಾತು ಕನ್ನಡದಲ್ಲಿ ಮುಂದುವರಿಯಿತು. ಯಂತ್ರದ ಮಾತು ಇಂಗ್ಲಿಷಿನಲ್ಲೇ ಉಳಿಯಿತು.

ಯಂತ್ರದ ಕಥೆಗೆ ಭದ್ರಾವತಿಗೆ ಹೋಗಬೇಕು. 1923ರಲ್ಲಿ ಉತ್ಪಾದನೆ ಶುರುವಾದ ಆ ಕಾರ್ಖಾನೆ ಬರೀ ಕಬ್ಬಿಣದ ಕುಲುಮೆಯಾಗಿರಲಿಲ್ಲ. ಕಲ್ಲಿದ್ದಲಿನ ಬದಲು ಕಾಡಿನ ಕಟ್ಟಿಗೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲು ಮಾಡುತ್ತಿದ್ದರು. ಏಳುವ ಆವಿಯನ್ನು ತಣಿಸಿ ಡಾಂಬರು, ಮರಸಾರ ಮುಂತಾದವನ್ನು ತೆಗೆಯುತ್ತಿದ್ದರು. ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆ ನಿಲ್ಲುವ, ಸರಪಳಿಯಂಥ ಕಾರ್ಖಾನೆ. ಅದು ಶುರುವಾಗುವ ಹೊತ್ತಿಗೆ ಯುದ್ಧಾನಂತರ ಕಬ್ಬಿಣದ ಬೆಲೆ ಬಿದ್ದಿತ್ತು. ದಿವಾನಗಿರಿ ಬಿಟ್ಟು ವರ್ಷಗಳೇ ಆಗಿದ್ದ ವಿಶ್ವೇಶ್ವರಯ್ಯನವರನ್ನು ಕರೆತಂದು ಆಡಳಿತ ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಿದರು. 1923ರಿಂದ 1929ರವರೆಗೆ ಅವರು ಮಾಡಿದ್ದು ಹೊಸದನ್ನು ಕಟ್ಟುವ ಕೆಲಸಕ್ಕಿಂತ ಹೆಚ್ಚಾಗಿ ಇದ್ದದ್ದನ್ನು ಉಳಿಸುವ ಕೆಲಸ: ಖರ್ಚು ಇಳಿಸುವುದು, ದುಬಾರಿ ವಿದೇಶಿ ತಜ್ಞರ ಜಾಗಕ್ಕೆ ಇಲ್ಲಿಯವರನ್ನು ತಯಾರು ಮಾಡುವುದು. ಆ ಅವಧಿಯ ಸಂಭಾವನೆಯನ್ನು ಅವರು ತಮಗೆ ಇಟ್ಟುಕೊಳ್ಳಲಿಲ್ಲ. ಕುಶಲಕರ್ಮಿಗಳನ್ನು ತರಬೇತುಗೊಳಿಸುವ ಸಂಸ್ಥೆಗೆ ಕೊಟ್ಟರು. ಬೆಂಗಳೂರಿನ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಸಂಸ್ಥೆ ಹಾಗೆ ಬಂದದ್ದು. ಕನ್ನಂಬಾಡಿಯ ವಿಶ್ವೇಶ್ವರಯ್ಯ ಪಠ್ಯಪುಸ್ತಕದಲ್ಲಿದ್ದಾರೆ. ಭದ್ರಾವತಿಯ ಈ ಆರು ವರ್ಷ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ನಮ್ಮ ಕಡೆಯ ಕಾರ್ಖಾನೆಗಳು ಸುಣ್ಣಕಲ್ಲಿನವು. ಶಹಾಬಾದ್, ವಾಡಿ, ಸೇಡಂ, ಮಳಖೇಡ. ‘ಕವಿರಾಜಮಾರ್ಗ’ದ ಮಾನ್ಯಖೇಟ ಇಂದು ಸಿಮೆಂಟಿನ ಊರು. ಸಿಮೆಂಟಿನ ತಿರುಗುವ ಕಿಲ್ನ್ ಒಳಗೆ ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಬಿಸಿಯಿರುತ್ತದೆ. ಉಕ್ಕಿನ ಕೊಳವೆಗೂ ಆ ಬೆಂಕಿಗೂ ನಡುವೆ ಇರುವುದು ಒಂದು ವರಸೆ ಇಟ್ಟಿಗೆ. ಒಂದು ಇಟ್ಟಿಗೆ ಉದುರಿದರೂ ಹೊರಗಿನ ಉಕ್ಕು ಕೆಂಪಗಾಗುತ್ತದೆ, ಕಿಲ್ನ್ ನಿಲ್ಲಿಸಬೇಕಾಗುತ್ತದೆ. ವರ್ಷಕ್ಕೊಮ್ಮೆ ‘ಶಟ್‌ಡೌನ್’ ಎಂದು ನಿಲ್ಲಿಸಿ, ತಣಿಸಿ, ಒಳಹೊಕ್ಕು ಇಟ್ಟಿಗೆ ಬದಲಿಸುತ್ತಾರೆ. ಆ ಕೆಲಸಕ್ಕೆ ಗುತ್ತಿಗೆಯ ಮೇಲೆ ಹೋಗುವವರು ಸುತ್ತಲ ಹಳ್ಳಿಗಳ ಹುಡುಗರು. ಅವರ ಬಾಯಲ್ಲಿ ಬ್ರೇಕ್‌ಡೌನ್, ಪರ್ಮಿಟ್, ಬೇರಿಂಗ್ ಎಲ್ಲ ಕನ್ನಡವೇ ಆಗಿವೆ. ‘ದುರಸ್ತಿ’ಯಂತೂ ಫಾರಸಿಯಿಂದ ಬಂದು ಎಂದೋ ನಮ್ಮದಾದದ್ದು.

ಇಂಥ ಅನುಭವಗಳನ್ನು ಹಂಚಿಕೊಳ್ಳಲು ಬೇರೆಯದೇ ಸಮ್ಮೇಳನಗಳಿವೆ. 1987ರಿಂದ ಸಿಮೆಂಟ್ ಸಂಶೋಧನೆಯ ರಾಷ್ಟ್ರೀಯ ಮಂಡಳಿ ಅಂತಾರಾಷ್ಟ್ರೀಯ ವಿಚಾರಸಂಕಿರಣಗಳನ್ನು ನಡೆಸುತ್ತ ಬಂದಿದೆ. ಇಟ್ಟಿಗೆಯ ಆಯಸ್ಸು, ಗೇರುಗಳ ನಡುಕ, ಎರಡು ನಿಲುಗಡೆಗಳ ನಡುವಿನ ದಿನಗಳು: ಈ ಕಸುಬಿನ ಸಭೆಗಳಲ್ಲಿ ಚರ್ಚೆಯಾಗುವುದು ಇಂಥವೇ. ಅಮೆರಿಕದಲ್ಲಿ 1978ರಲ್ಲಿ ವಿಮಾನಗಳ ನಿರ್ವಹಣೆ ಕುರಿತು ನೌಲನ್ ಮತ್ತು ಹೀಪ್ ಬರೆದ ವರದಿ ಈ ಚರ್ಚೆಯ ದಿಕ್ಕನ್ನೇ ಬದಲಿಸಿತ್ತು. ಬಹುಪಾಲು ಭಾಗಗಳು ವಯಸ್ಸಾಗಿ ಕೆಡುವುದಿಲ್ಲ, ಆದ್ದರಿಂದ ಕ್ಯಾಲೆಂಡರ್ ನೋಡಿ ಬಿಚ್ಚಿ ಕಟ್ಟುವುದರಿಂದ ಹೆಚ್ಚು ಲಾಭವಿಲ್ಲ, ಯಂತ್ರದ ಸ್ಥಿತಿ ನೋಡಬೇಕು ಎಂದದ್ದು ಆ ವರದಿ. ತೂಬಿನ ಸದ್ದು ಕೇಳಿ ನೀರಿನ ಅಂದಾಜು ಮಾಡುವ ನೀರಗಂಟಿಗೆ ಇದು ಹೊಸ ಮಾತೆನಿಸಲಾರದು.

ಇದೆಲ್ಲ ಎಂಜಿನಿಯರುಗಳ ಒಳಮನೆಯ ಮಾತು ಎಂದು ಬಿಡಬಹುದಿತ್ತು, ಭೋಪಾಲ ಆಗದೆ ಇದ್ದಿದ್ದರೆ. 1984ರ ಡಿಸೆಂಬರ್ 2ರ ರಾತ್ರಿ ವಿಷಾನಿಲ ಸೋರಿದಾಗ, ಟ್ಯಾಂಕನ್ನು ತಣ್ಣಗಿಡಬೇಕಿದ್ದ ಶೀತಲ ಘಟಕ ತಿಂಗಳುಗಳಿಂದ ನಿಂತಿತ್ತು. ಅನಿಲವನ್ನು ಸುಡಬೇಕಿದ್ದ ಗೋಪುರದ ಕೊಳವೆ ದುರಸ್ತಿಗೆಂದು ಬಿಚ್ಚಿತ್ತು. ಅನಿಲ ತೊಳೆಯುವ ಸ್ಕ್ರಬ್ಬರ್ ಚಾಲ್ತಿಯಲ್ಲಿರಲಿಲ್ಲ. ಕೈಪಿಡಿಗಳು ಇಂಗ್ಲಿಷಿನಲ್ಲಿದ್ದವು, ಅನೇಕ ಕಾರ್ಮಿಕರಿಗೆ ಆ ಭಾಷೆ ಬರುತ್ತಿರಲಿಲ್ಲ. ಮರುವರ್ಷವೇ ಅಮೆರಿಕದ ರಾಸಾಯನಿಕ ಎಂಜಿನಿಯರುಗಳ ಸಂಸ್ಥೆ ಪ್ರಕ್ರಿಯಾ ಸುರಕ್ಷತೆಗೆಂದೇ ಒಂದು ಕೇಂದ್ರ ತೆರೆಯಿತು, ಸಮ್ಮೇಳನಗಳು ಹೆಚ್ಚಿದವು. ಸತ್ತವರ ಓಣಿಗಳಲ್ಲಿ ಮಾತ್ರ ಅಂಥ ಸಮ್ಮೇಳನ ಯಾರೂ ನಡೆಸಿದಂತಿಲ್ಲ.

ಭೀಮೆಯ ಆಚೆ, ನಮ್ಮದೇ ಯಾದಗಿರಿ ಜಿಲ್ಲೆಯ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶದಲ್ಲಿ ಈಗ ಔಷಧ ಮತ್ತು ರಾಸಾಯನಿಕ ಘಟಕಗಳಿವೆ. ಸುತ್ತಲ ಊರಿನವರು ದುರ್ವಾಸನೆಯ ಬಗ್ಗೆ ದೂರುತ್ತ ಬಂದಿದ್ದಾರೆ. ಅವರ ಅರ್ಜಿ, ಪ್ರತಿಭಟನೆಗಳು ಕನ್ನಡದಲ್ಲಿ ನಡೆಯುತ್ತವೆ. ಆದರೆ ವಾಸನೆ ಬರುತ್ತದೆ ಎನ್ನುವುದು ಒಂದು, ಸ್ಕ್ರಬ್ಬರ್ ಕಳೆದ ತಿಂಗಳು ಎಷ್ಟು ದಿನ ನಿಂತಿತ್ತು ಎಂದು ಕೇಳುವುದು ಇನ್ನೊಂದು. ಎರಡನೆಯದನ್ನು ಕೇಳಲು ಯಂತ್ರದ ತಿಳಿವಳಿಕೆ ಬೇಕು, ಅದು ಕೇಳುವವರ ಭಾಷೆಯಲ್ಲಿರಬೇಕು. ಭೋಪಾಲದ ನಂತರ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದಾಗ 41ಬಿ ಎಂಬ ಹೊಸ ಕಲಮು ಸೇರಿತು. ಅಪಾಯಕಾರಿ ಕಾರ್ಖಾನೆ ತನ್ನ ಅಪಾಯಗಳ ಮಾಹಿತಿಯನ್ನು ಕಾರ್ಮಿಕರಿಗಷ್ಟೇ ಅಲ್ಲ, ಸ್ಥಳೀಯ ಸಂಸ್ಥೆಗೂ ನೆರೆಹೊರೆಯ ಜನರಿಗೂ ಕೊಡಬೇಕೆಂದು ಆ ಕಲಮು ಹೇಳಿತು.