ಹಳೆಯ ಹಾಡು ಯಾರದು?

ಇಪ್ಪತ್ತರ ಆಸುಪಾಸಿನವರು ಪಿ.ಬಿ. ಶ್ರೀನಿವಾಸ್ ದನಿಗೆ ಕಣ್ಣು ಮುಚ್ಚಿ ತಲೆದೂಗಿದರೆ ಮನೆಯ ಹಿರಿಯರಿಗೆ ಒಳಗೊಳಗೇ ಹೆಮ್ಮೆ. ಹಳೆಯದರ ಮುಂದೆ ಈಗಿನದ್ದೆಲ್ಲ ಬರೀ ಗದ್ದಲ ಎಂಬ ತೀರ್ಪೂ ಜೊತೆಗೇ ಬರುತ್ತದೆ. ತೀರ್ಪೇನೋ ಹಿತವಾಗಿದೆ. ಆದರೆ ತಾನು ಹುಟ್ಟುವುದಕ್ಕೆ ಮೂವತ್ತು ನಲವತ್ತು ವರ್ಷ ಮೊದಲೇ ಬಂದ ಹಾಡು ಒಬ್ಬರಿಗೆ ಸ್ವಂತ ನೆನಪಿನಂತೆ ಕಾಡುವುದು ಹೇಗೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಆ ಉತ್ತರವನ್ನು ಹಾಡಿನ ಗುಣಕ್ಕಿಂತ ಅದು ಮನೆಯೊಳಗೆ ಕೇಳಿಸಿದ ಬಗೆಯಲ್ಲಿ ಹುಡುಕಬೇಕು. ಕೂತು ಹಾಡು ಕೇಳಿ ದಣಿವಾರಿಸಿಕೊಳ್ಳುವ ರೂಢಿ ಸಾಮಾನ್ಯರ ಮನೆಗೆ ಬಂದದ್ದು ಯಂತ್ರಗಳ ಜೊತೆ, ಮತ್ತು ಆ ಯಂತ್ರ ಬಹುಕಾಲ ಮನೆಗೆ ಒಂದೇ ಇತ್ತು. ತಲೆಮಾರು ದಾಟಿ ಬರುವ ಹಳಹಳಿಕೆಗೆ ಈ ಒಂದೇ ಎಂಬುದೇ ಮೂಲ ಎಂದು ನನ್ನ ವಾದ.

ಯಂತ್ರಕ್ಕೆ ಮುಂಚೆ ಮನೆಯಲ್ಲಿ ಹಾಡಿರಲಿಲ್ಲವೆಂದಲ್ಲ. ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ, ಆರತಿ ಎತ್ತುವಾಗ ಹಾಡಿತ್ತು. ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಸಂಕಲನದ ತ್ರಿಪದಿಗಳು ಇಂಥ ಹೆಂಗಸರ ಬಾಯಿಂದಲೇ ಬಂದವು. ಬೀಸುವವಳ ಹಾಡು ಕೈಯ ಲಯ ಕಾಯುತ್ತಿತ್ತು, ದಣಿವು ಮರೆಸುತ್ತಿತ್ತು. ಬಿಡುವು ಮಾತ್ರ ಕೊಡುತ್ತಿರಲಿಲ್ಲ. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಪದಕ್ಕೂ ಕೆಲಸ ತಪ್ಪಿತು. ಇನ್ನು ಕೂತು ಕೇಳುವ ಸುಖ ಅರಮನೆಗೆ, ಗುಡಿಯ ಅಂಗಳಕ್ಕೆ, ಉಳ್ಳವರ ಮದುವೆಗೆ ಸೇರಿದ್ದು. ಗ್ರಾಮಫೋನ್ ಅದನ್ನು ಕೊಂಚ ಹಂಚಿತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದು ತಟ್ಟೆಗಿಳಿಯಿತು. ತಾಸುಗಟ್ಟಲೆ ಬೆಳೆಯಬಹುದಾದ ರಾಗವನ್ನು ಮೂರು ನಿಮಿಷದ ಆಸುಪಾಸಿಗೆ ಹಿಡಿಸಿ, ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳಿ ಮುಗಿಸುತ್ತಿದ್ದ ಆಕೆ ಮುಂದೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಅದೇ ಊರಿನಲ್ಲಿ ತೀರಿಕೊಂಡರು. ಆದರೂ ಗ್ರಾಮಫೋನನ್ನು ಆರಾಮದ ಯಂತ್ರವೆನ್ನುವುದು ಕಷ್ಟ. ಕೀಲಿ ತಿರುಗಿಸಬೇಕು, ಸವೆದ ಮುಳ್ಳು ಬದಲಿಸಬೇಕು, ತಟ್ಟೆ ಮಗುಚಿ ಹಾಕಬೇಕು. ಮೂರು ನಿಮಿಷಕ್ಕೊಮ್ಮೆ ಯಾರಾದರೊಬ್ಬರು ಏಳಲೇಬೇಕು.

ಎದ್ದು ಓಡಾಡುವ ಈ ಕಾಟವನ್ನು ತಪ್ಪಿಸಿದ್ದು ರೇಡಿಯೊ. ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಶುರುಮಾಡಿದರು. 1950ರಲ್ಲಿ ಧಾರವಾಡ ನಿಲಯ ಬಂತು, ಮುಂದೆ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರೇ ಅಲ್ಲಿ ಸಂಗೀತ ಸಲಹೆಗಾರರಾದರು. ಪೆಟ್ಟಿಗೆ ಇಡಲು ಅಂಚೆ ಕಚೇರಿಗೆ ಹೋಗಿ ಪರವಾನಗಿ ಹಣ ಕಟ್ಟಬೇಕಿದ್ದ ಕಾಲ. ನಡುಮನೆಯ ಗೂಡಿನಲ್ಲಿ ಕಸೂತಿ ಬಟ್ಟೆ ಹೊದ್ದು ಕೂತ ಅದು ಬಿಸಿಯೇರಿ ದನಿ ತೆಗೆಯುವಷ್ಟರಲ್ಲಿ ಮನೆಮಂದಿ ಸುತ್ತ ಸೇರಿರುತ್ತಿದ್ದರು. ತಿರುಗಣೆ ಇದ್ದದ್ದು ಯಜಮಾನನ ಕೈಯಲ್ಲಿ. ಯಜಮಾನನ ಮೇಲೂ ಒಬ್ಬ ಯಜಮಾನನಿದ್ದ: 1952ರಲ್ಲಿ ಪ್ರಸಾರ ಖಾತೆಗೆ ಬಂದ ಬಿ.ವಿ. ಕೇಸ್ಕರ್ ಸಿನಿಮಾ ಹಾಡನ್ನು ಆಕಾಶವಾಣಿಯಿಂದ ಹೆಚ್ಚುಕಡಿಮೆ ಹೊರಗಟ್ಟಿದರು. ಕೇಳುಗರು ಸಿನಿಮಾ ಹಾಡು ಹಾಕುತ್ತಿದ್ದ ರೇಡಿಯೊ ಸಿಲೋನಿಗೆ ಹೊರಳಿದರು. ಸರ್ಕಾರ 1957ರಲ್ಲಿ ವಿವಿಧ ಭಾರತಿ ತೆರೆದು ಅವರನ್ನು ವಾಪಸು ಕರೆಯಬೇಕಾಯಿತು. ಹೀಗೆ ಮಂತ್ರಿ, ನಿಲಯ, ಅಪ್ಪ ಎಂಬ ಮೂರು ಜರಡಿ ದಾಟಿದ ಹಾಡು ಅಡುಗೆಮನೆಯ ಹೆಂಗಸಿಗೂ ಲೆಕ್ಕ ಮಾಡುತ್ತಿದ್ದ ಹುಡುಗನಿಗೂ ಒಟ್ಟಿಗೇ ಕೇಳಿಸುತ್ತಿತ್ತು. ಆಯ್ಕೆ ಅವರದಲ್ಲ, ಕಿವಿಯಷ್ಟೇ ಅವರದು.

ಕ್ಯಾಸೆಟ್ ಬಂದಾಗ ಇದು ಇನ್ನಷ್ಟು ಗಟ್ಟಿಯಾಯಿತು. ಮೈಸೂರು ಅನಂತಸ್ವಾಮಿ ರಾಗ ಹಾಕಿದ ನಿಸಾರ್ ಅಹಮದರ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಯಿತು. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ ಅಚ್ಚಾದದ್ದು 1942ರಲ್ಲಿ. ಅಜ್ಜಂದಿರ ಯೌವನದ ಆ ಕವಿತೆಗಳು ಅಪ್ಪಂದಿರ ಯೌವನದಲ್ಲಿ ಟೇಪ್ ರೆಕಾರ್ಡರಿನಿಂದ ಹೊಮ್ಮಿ ಮಕ್ಕಳ ಕಿವಿಗೆ ಬಿದ್ದವು. ಮನೆಯಲ್ಲಿ ನಾಲ್ಕೈದೇ ಕ್ಯಾಸೆಟ್ ಇದ್ದರೆ ಅವೇ ಮತ್ತೆ ಮತ್ತೆ. ಎಷ್ಟೆಂದರೆ ಒಂದು ಹಾಡು ಮುಗಿದೊಡನೆ ಅದೇ ಪಕ್ಕದ ಮುಂದಿನ ಹಾಡನ್ನು ಮನಸ್ಸು ತಾನೇ ಎತ್ತಿಕೊಳ್ಳುತ್ತದೆ. ಇವತ್ತು ಅವನ್ನು ಬೇರೆ ಸರದಿಯಲ್ಲಿ ಕೇಳಿದರೆ ಏನೋ ತಪ್ಪಿದಂತೆ ಅನಿಸುವವರು ಎಷ್ಟೋ ಮಂದಿ. ಮನೆಯ ಪೆಟ್ಟಿಗೆಗೆ ಇಂಥ ಬಲವಿದೆಯೆನ್ನಲು ದೂರದ ಸಾಕ್ಷ್ಯವೂ ಉಂಟು. ಅಮೆರಿಕದಲ್ಲಿ ಸಂಶೋಧಕರಾದ ಕ್ಯಾರಲ್ ಕ್ರಮ್‌ಹ್ಯಾನ್ಸಲ್ ಮತ್ತು ಜಸ್ಟಿನ್ ಜುಪ್ನಿಕ್ ಇಪ್ಪತ್ತರ ಹರೆಯದ ವಿದ್ಯಾರ್ಥಿಗಳಿಗೆ ಐದೂವರೆ ದಶಕದ ಜನಪ್ರಿಯ ಹಾಡುಗಳನ್ನು ಕೇಳಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ತಮ್ಮ ಕಾಲದ ಹಾಡು ಬಿಟ್ಟರೆ ಅವರ ನೆನಪು, ಒಲವು ಮತ್ತೆ ಮೇಲೇಳುತ್ತಿದ್ದದ್ದು ಹೆತ್ತವರ ಹರೆಯದ ಕಾಲದ ಹಾಡುಗಳಿಗೆ. 1960ರ ದಶಕಕ್ಕೆ ಇನ್ನೊಂದು ಸಣ್ಣ ಏರು.

ಆ ಸಣ್ಣ ಏರು ನನ್ನ ವಾದಕ್ಕೆ ತೊಡಕು. ಅದು ಅಜ್ಜ ಅಜ್ಜಿಯರ ಬಳುವಳಿಯೂ ಇರಬಹುದು, ಆ ದಶಕದ ಹಾಡುಗಳೇ ಮೇಲಾಗಿದ್ದಿರಲೂಬಹುದು ಎಂದು ಸಂಶೋಧಕರೇ ಎರಡು ಬಾಗಿಲನ್ನೂ ತೆರೆದಿಟ್ಟಿದ್ದಾರೆ. ಗುಣಕ್ಕೆ ಪಾಲೇ ಇಲ್ಲವೆಂದು ನಾನೂ ಹೇಳಲಾರೆ. ಆದರೆ ಇವತ್ತು ನಮಗೆ ಕೇಳಿಸುವುದು ಆ ಕಾಲದ ಎಲ್ಲ ಹಾಡುಗಳಲ್ಲ, ಜರಡಿಯ ಮೇಲೆ ಉಳಿದವು. ಅಂದಿನ ಸಾಧಾರಣ ಹಾಡನ್ನು ಯಾವ ನಿಲಯವೂ ಈಗ ಹಾಕುವುದಿಲ್ಲ. ಇಂದಿನದನ್ನು ಮಾತ್ರ ಜೊಳ್ಳುಸಮೇತ ಕೇಳಿ ತೂಗುತ್ತೇವೆ. ಒಂದೇ ಪೆಟ್ಟಿಗೆಯ ಮನೆಯನ್ನು ಹೊಗಳುವುದು ಯಜಮಾನಿಕೆಯನ್ನು ಹೊಗಳಿದಂತಲ್ಲವೇ ಎಂಬ ಆಕ್ಷೇಪ ಇನ್ನೂ ತೂಕದ್ದು. ಹೌದು, ಸೊಸೆಗೆ ಬೇಕಾದದ್ದನ್ನು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಟ್ರಾನ್ಸಿಸ್ಟರ್ ಅಡುಗೆಮನೆಯ ಕಟ್ಟೆಗೆ ಬಂದಾಗ ಆಕೆಗೆ ಸಿಕ್ಕ ನೆಮ್ಮದಿ ಸಣ್ಣದಲ್ಲ, ಅದನ್ನು ಮರಳಿಸು ಎನ್ನುವ ಹಕ್ಕು ಯಾರಿಗೂ ಇಲ್ಲ. ನಾನು ಹೇಳುತ್ತಿರುವುದು ಕಾರಣವನ್ನು, ಶಿಫಾರಸನ್ನಲ್ಲ.

ಹಾಗಾದರೆ ಕಿವಿಗೊಂದು ಇಯರ್‌ಫೋನ್ ಬಂದ ಮೇಲೆ ಬಳುವಳಿ ನಿಂತಿತೇ? ಪೂರ್ತಿ ನಿಂತಿಲ್ಲ. ಎಸ್.ಪಿ. ಬಾಲಸುಬ್ರಹ್ಮಣ್ಯಂ ನಡೆಸಿದ ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮದಲ್ಲಿ ಮಕ್ಕಳು ಹೆತ್ತವರ ಕಾಲದ ಹಾಡುಗಳನ್ನೇ ಹಾಡಿದರು, ಆಗ ಟಿವಿಯೂ ಮನೆಗೆ ಒಂದೇ ಇತ್ತು. ಮನೆಯೊಳಗೆ ಈಗ ಅಂಥ ಪೆಟ್ಟಿಗೆ ಉಳಿದಿಲ್ಲ. ಬೆಂಗಳೂರಿನ ವಾಹನ ದಟ್ಟಣೆಯಲ್ಲಿ ಗಂಟೆಗಟ್ಟಲೆ ತೆವಳುವ ಕಾರಿನಲ್ಲಿ ಉಳಿದಿದೆ: ಒಂದೇ ಸ್ಪೀಕರು, ಮುಂದಿನ ಸೀಟಿನವರ ಆಯ್ಕೆ, ಹಿಂದಿನ ಸೀಟಿನಲ್ಲಿ ಬೇಡವೆಂದು ಗೊಣಗುತ್ತಲೇ ಕೇಳಿಸಿಕೊಳ್ಳುವ ಮಕ್ಕಳು.